ಪಂಚರ ನ್ಯಾಯವನ್ನು ಬಿಟ್ಟುಕೊಡುವ ಹಕ್ಕು



ಹಕ್ಕುಗಳನ್ನು ಪಡೆಯುವ ಬಗೆ ಹೇಗೆಂಬ ವಿಷಯವಾಗಿ ನಮ್ಮಲ್ಲಿ ಅನೇಕ ವ್ಯಾಖ್ಯಾನಗಳು ನಡೆದಿವೆ. ಆದರೆ ಪಡೆದ ಹಕ್ಕನ್ನು ಬಿಟ್ಟುಕೊಡಬಹುದೇ, ಬಿಟ್ಟುಕೊಟ್ಟರೆ ಆ ತ್ಯಾಗವು ಯಾವಾಗ ಸಿಂಧುವಾಗುವುದು, ಅದಕ್ಕೆ ಯಾರಾರ ಒಪ್ಪಿಗೆ ಬೇಕು ಎಂಬುದನ್ನು ಕುರಿತು ಯೋಚಿಸುವವರು ವಿರಳ. ಹೊಲದ ಮೇಲಿನ ಹಕ್ಕನ್ನು ಬಿಡುವುದಿದ್ದರೆ ನಾವು ಸ್ಟಾಂಪು ಕಾಗದ ತರಿಸುತ್ತೇವೆ, ಸಾಕ್ಷಿಗಳನ್ನು ಕರೆಯುತ್ತೇವೆ, ಬರೆದದ್ದನ್ನು ಓದಿಸಿ ಕೇಳುತ್ತೇವೆ, ಅನಂತರ ರುಜು ಹಾಕುತ್ತೇವೆ. ಪ್ರಾಣಕ್ಕೂ ಸ್ವಾತಂತ್ರ್ಯಕ್ಕೂ ಕಾವಲಾಗಿರುವ ಹಕ್ಕನ್ನು ಬಿಡುವಾಗ ಅಷ್ಟು ಎಚ್ಚರವಾದರೂ ಬೇಡವೇ? ಈ ಪ್ರಶ್ನೆಯನ್ನು ಅಮೇರಿಕೆಯ ಸಂಯುಕ್ತ ಸಂಸ್ಥಾನಗಳ ಸುಪ್ರೀಮ ಕೋರ್ಟು ೧೯೩೦ನೆಯ ಇಸವಿಯಲ್ಲಿ ಎದುರಿಸಬೇಕಾಯಿತು. ಆ ಮೊಕದ್ದಮೆಯ ವೃತ್ತಾಂತವನ್ನೂ ಅದರಿಂದ ನಾವು ಕಲಿಯಬೇಕಾದುದನ್ನೂ ತಮ್ಮ ಮುಂದೆ ಅರಿಕೆ ಮಾಡುವುದೇ ಇಂದಿನ ಉದ್ದೇಶ.

ಸಂಗತಿಯು ಹೀಗಿದೆ. ಆ ಕಾಲಕ್ಕೆ ಅಮೇರಿಕೆಯಲ್ಲಿ ಪಾನನಿರೋಧದ ಕಾಯಿದೆಯು ಜಾರಿಯಲ್ಲಿತ್ತು. ಆ ಕಾಯಿದೆಯನ್ನು ನಡೆಯಿಸುವ ಅಧಿಕಾರಿಯೊಬ್ಬನಿಗೆ ಲಂಚ ಕೊಡಲು ಒಳಸಂಚು ಹೂಡಿದರೆಂದು ಪ್ಯಾಟನ್ ಎಂಬವನ ಮೇಲೂ ಅವನ ಜೊತೆಗಾರರ ಮೇಲೂ ಆರೋಪ ಬಂದಿತು. ೧೯೨೭ರ ಅಕ್ಟೋಬರ ತಿಂಗಳಲ್ಲಿ ಹನ್ನೆರಡು ಮಂದಿ ಪಂಚರ ಜ್ಯೂರಿಯ ಮುಂದೆ ವಿಚಾರಣೆಗೆ ಮೊದಲಾಯಿತು. ಕೆಲವು ದಿನಗಳು ಕಳೆದ ಮೇಲೆ ಪಂಚರಲ್ಲೊಬ್ಬನು ತೀವ್ರವಾಗಿ ಅಸ್ವಸ್ಥನಾಗಿ ಮುಂದೆ ಕುಳಿತುಕೊಳ್ಳಲಾರದವನಾದನು. ಉಭಯ ಪಕ್ಷದವರಿಗೂ ಹನ್ನೆರಡು ಮಂದಿಯ ಜ್ಯೂರಿಯನ್ನು ಕೇಳುವ ಹಕ್ಕುಂಟು, ಒಬ್ಬನು ಕಡಿಮೆಯಾದುದರಿಂದ ಇಬ್ಬರೂ ಆಕ್ಷೇಪಣೆಯನ್ನು ಬಿಡದ ಹೊರತು ಈ ವಿಚಾರಣೆಯು ಇಲ್ಲಿಗೇ ನಿಷ್ಫಲವಾಗುವುದು ಎಂದು ನ್ಯಾಯಾಧೀಶನು ಬಹಿರಂಗವಾಗಿ ತಿಳಿಯಹೇಳಿದನು. ಉಳಿದ ಹನ್ನೊಂದು ಮಂದಿಯಿಂದಲೇ ಮುಗಿಸಬಹುದೆಂದು ಸರಕಾರಿ ವಕೀಲನೂ ಒಪ್ಪಿದನು, ಆರೋಪಿಗಳೂ ಒಪ್ಪಿದರು. ಹನ್ನೊಂದು ಮಂದಿ ಪಂಚರು ಆರೋಪಿಗಳು ಅಪರಾಧಿಗಳೆಂದು ಹೇಳಿದರು, ಸೆರೆಮನೆಯ ಶಿಕ್ಷೆಯಾಯಿತು. ಆಗ ಆರೋಪಿಗಳು ಮೇಲಿನ ಕೋರ್ಟಿಗೆ ಹೋಗಿ, "ನಾವು ಬಿಟ್ಟುಕೊಟ್ಟ ಹಕ್ಕನ್ನು ಬಿಟ್ಟುಕೊಡುವ ಅಧಿಕಾರವೇ ನಮಗಿರಲಿಲ್ಲ; ಆದುದರಿಂದ ವಿಚಾರಣೆಯೇ ಅಸಿಂಧು" ಎಂದು ವಾದ ಹೂಡಿದರು.

ಹೊರನೋಟಕ್ಕೆ ಇದು ಸೋತವನ ಕುಯುಕ್ತಿಯೆಂದು ತೋರುವುದು ಸಹಜ. ಆದರೆ ವಾದದ ಬುಡವು ಗಟ್ಟಿಯಾಗಿತ್ತು. ಅಮೇರಿಕೆಯವರ ರಾಜ್ಯಘಟನೆಯಲ್ಲಿ ಜ್ಯೂರಿಯ ವಿಷಯವು ಎರಡು ಕಡೆ ಬರುತ್ತದೆ. ೧೭೮೭ರಲ್ಲಿ ರಚಿತವಾದ ಮೂಲ ಘಟನೆಯ ಮೂರನೆಯ ಪ್ರಕರಣವು, ಉನ್ನತಾಧಿಕಾರಿಗಳ ಮಹಾಭಿಯೋಗವೊಂದನ್ನು ಬಿಟ್ಟು ಮಿಕ್ಕೆಲ್ಲ ಅಪರಾಧಗಳ ವಿಚಾರಣೆಯೂ ಜ್ಯೂರಿಯಿಂದಲೇ ಆಗತಕ್ಕದ್ದೆಂದು ವಿಧಿಸುತ್ತದೆ. ೧೭೯೧ರಲ್ಲಿ ಸೇರಿದ ಆರನೆಯ ತಿದ್ದುಪಡಿಯಾದರೋ, ಆರೋಪಿಗೆ ನಿಷ್ಪಕ್ಷಪಾತವಾದ ಜ್ಯೂರಿಯ ಹಕ್ಕುಂಟೆಂದು ಸಾರುತ್ತದೆ. ಮೊದಲನೆಯದು ರಾಜ್ಯಕ್ಕಿತ್ತ ಅಪ್ಪಣೆ. ಎರಡನೆಯದು ಮನುಷ್ಯನಿಗಿತ್ತ ಸೊತ್ತು. ಸೊತ್ತನ್ನು ಅದರ ಒಡೆಯನು ಬಿಡಬಹುದು. ಅಪ್ಪಣೆಯನ್ನು ಬಿಡಲು ಅವನಾರು? ಜ್ಯೂರಿಯು ಸೊತ್ತೋ ಅಪ್ಪಣೆಯೋ ಎಂಬುದೇ ಪ್ರಶ್ನೆಯ ತಿರುಳು.

ಇದನ್ನು ತಿಳಿಯಲು ಜ್ಯೂರಿಯ ಹುಟ್ಟುನಾಡಾದ ಇಂಗ್ಲಂಡದ ಇತಿಹಾಸವನ್ನು ಸ್ವಲ್ಪ ನೋಡಬೇಕು. ಅಲ್ಲಿ ಮೊದಲು ಕಾದ ಕಬ್ಬಿಣ, ನೀರು ಮೊದಲಾದ ದಿವ್ಯಗಳಿಂದ ಅಪರಾಧದ ನಿರ್ಣಯವಾಗುತ್ತಿತ್ತು. ನಮ್ಮ ಧರ್ಮಶಾಸ್ತ್ರಗಳನ್ನು ಓದಿದವರಿಗೆ ದಿವ್ಯವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ೧೨೧೫ರ ಲ್ಯಾಟೆರನ್ ಧರ್ಮಸಭೆಯು ಪಾದ್ರಿಗಳು ಇಂಥ ದಿವ್ಯಗಳಲ್ಲಿ ಭಾಗವಹಿಸಕೂಡದೆಂದು ನಿಷೇಧಿಸಿತು. ದೇವರ ತೀರ್ಪಿನ ಸ್ಥಾನದಲ್ಲಿ ನೆರೆಹೊರೆಯವರ ತೀರ್ಪು ಬಂದು ಕುಳಿತಿತು. ಆದರೆ ಆರೋಪಿಯು ತಾನಾಗಿ ಒಪ್ಪಿದ ಹೊರತು ಅವನನ್ನು ನೆರೆಯವರ ತೀರ್ಪಿಗೆ ಒಳಪಡಿಸಲಾಗದೆಂಬುದು ಅಲ್ಲಿಯ ಹಳೆಯ ನಿಯಮವಾಗಿತ್ತು. "ನನ್ನನ್ನು ದೇಶದವರಿಗೆ ಒಪ್ಪಿಸಿಕೊಂಡಿದ್ದೇನೆ" ಎಂದು ಅವನ ಬಾಯಿಂದಲೇ ಬರಬೇಕು. ಬಾರದಿದ್ದರೆ? ೧೨೭೫ರ ವೆಸ್ಟ್‌ಮಿನ್‌ಸ್ಟರ್ ಶಾಸನವು ಅಂಥವನನ್ನು ಕಠಿಣವಾದ ಸೆರೆಯಲ್ಲಿಡಬೇಕೆಂದಿತು. ಆ ಸೆರೆಯೇ ಕಾಲಕ್ರಮದಲ್ಲಿ ಎದೆಯ ಮೇಲೆ ಭಾರವನ್ನು ಹೇರುವ ಚಿತ್ರವಧೆಯಾಯಿತು. ಒಪ್ಪಿದರೆ ಭಾರ ಇಳಿಯುವುದು. ಒಪ್ಪದಿದ್ದರೆ ಪ್ರಾಣ ಹೋಗುವುದು. ೧೬೯೨ರಲ್ಲಿ ಅಮೇರಿಕೆಯ ಸೇಲಂ ಊರಿನಲ್ಲಿ ಮಾಟಗಾರನೆಂಬ ಆರೋಪಕ್ಕೆ ಗುರಿಯಾದ ಜೈಲ್ಸ್ ಕೋರಿ ಎಂಬ ಮುದುಕನು ಹೀಗೆಯೇ ಕಲ್ಲುಗಳ ಅಡಿಯಲ್ಲಿ ಸತ್ತನು. ಪಂಚರಿಗೆ ತನ್ನನ್ನು ಒಪ್ಪಿಸಿಕೊಳ್ಳಲಿಲ್ಲ. ೧೭೭೨ರಲ್ಲಿ ಇಂಗ್ಲಂಡವು ಈ ಕ್ರೌರ್ಯವನ್ನು ನಿಲ್ಲಿಸಿ, ಸುಮ್ಮನಿರುವವನನ್ನು ಅಪರಾಧಿಯೆಂದು ಎಣಿಸತೊಡಗಿತು; ೧೮೨೭ರಲ್ಲಿ ಅದನ್ನೂ ತಿದ್ದಿ, ಸುಮ್ಮನಿರುವವನು ಅಪರಾಧವನ್ನು ಅಲ್ಲಗಳೆದನೆಂದೇ ಭಾವಿಸಿ ವಿಚಾರಿಸಬೇಕೆಂದು ವಿಧಿಸಿತು.

ಇಂಥ ಇತಿಹಾಸವುಳ್ಳ ಜನರು ಜ್ಯೂರಿಯನ್ನು ಬಿಡಗೊಡಲು ಹಿಂಜರಿದುದು ಆಶ್ಚರ್ಯವಲ್ಲ. ಹಿಂಜರಿಕೆಗೆ ದಯೆಯ ಕಾರಣವೂ ಒಂದಿತ್ತು. ಹಳೆಯ ಇಂಗ್ಲಂಡದಲ್ಲಿ ಘೋರಾಪರಾಧದ ಆರೋಪಿಗೆ ತನ್ನ ಪರವಾಗಿ ವಾದಿಸಲು ವಕೀಲನನ್ನಿಡುವ ಪೂರ್ಣಾಧಿಕಾರವು ೧೮೩೬ರವರೆಗೆ ಇರಲಿಲ್ಲ. ತಾನೇ ಪ್ರಮಾಣಪೂರ್ವಕ ಸಾಕ್ಷ್ಯ ನುಡಿಯುವ ಅಧಿಕಾರವು ಎಲ್ಲ ಆರೋಪಿಗಳಿಗೂ ದೊರೆತುದು ೧೮೯೮ರಲ್ಲಿ. ಸಣ್ಣ ಅಪರಾಧಗಳಿಗೂ ಗಲ್ಲಿನ ಶಿಕ್ಷೆಯಿದ್ದ ಕಾಲವದು. ಬಾಯಿಲ್ಲದ ಆರೋಪಿಯು ತನ್ನ ಕೊನೆಯ ಆಸರೆಯನ್ನು ತಾನೇ ಕೈಬಿಡದಂತೆ ನ್ಯಾಯಾಲಯವು ತಡೆದರೆ ಅದು ಉಪಕಾರವೇ ಸರಿ.

ಅಮೇರಿಕೆಯಲ್ಲಿ ೧೮೯೮ರಲ್ಲಿ ತೀರ್ಮಾನವಾದ ಥಾಮ್ಸನ್ ಮತ್ತು ಯೂಟಾ ಸಂಸ್ಥಾನದ ನಡುವಿನ ಮೊಕದ್ದಮೆಯಲ್ಲಿ ಇದೇ ಭಾವನೆಯು ಮೇಲುಗೈಯಾಯಿತು. ಒಂದು ಕರುವಿನ ಕಳ್ಳತನದ ಆರೋಪ. ಯೂಟಾ ಪ್ರಾಂತವು ೧೮೯೬ರಲ್ಲಿ ಸಂಸ್ಥಾನವಾಯಿತು. ಅಪರಾಧವು ಅದಕ್ಕೆ ಮೊದಲು ನಡೆದುದು. ಮರುವಿಚಾರಣೆಯಲ್ಲಿ ಎಂಟೇ ಮಂದಿ ಪಂಚರು ಕುಳಿತರು. ಆರೋಪಿಯು ಆಗ ಆಕ್ಷೇಪಿಸಲಿಲ್ಲ. ಆದರೂ ಸುಪ್ರೀಮ ಕೋರ್ಟು ಶಿಕ್ಷೆಯನ್ನು ರದ್ದುಗೊಳಿಸಿತು. ಜ್ಯೂರಿಯೆಂದರೆ ಹನ್ನೆರಡು ಮಂದಿ. ಆರೋಪಿಯ ಮೌನದಿಂದ ಹನ್ನೆರಡು ಎಂಟಾಗದು ಎಂಬುದು ಅದರ ಅಭಿಪ್ರಾಯ.

ಇಷ್ಟೆಲ್ಲ ಹಿನ್ನೆಲೆಯನ್ನಿಟ್ಟುಕೊಂಡು ಪ್ಯಾಟನ್ ಮೊಕದ್ದಮೆಗೆ ಬರೋಣ. ೧೯೩೦ರ ಏಪ್ರಿಲ್ ೧೪ರಂದು ನ್ಯಾಯಮೂರ್ತಿ ಸದರ್ಲಂಡರು ಬರೆದ ತೀರ್ಪು ಹೊರಬಿದ್ದಿತು. ಜ್ಯೂರಿಯೆಂದರೆ ಮೂರು ಅಂಗಗಳುಳ್ಳ ವಸ್ತುವೆಂದು ಅವರು ಮೊದಲು ಗೊತ್ತುಮಾಡಿದರು: ಪಂಚರು ಹನ್ನೆರಡೇ ಮಂದಿಯಿರಬೇಕು, ನ್ಯಾಯಾಧೀಶನ ಮೇಲ್ವಿಚಾರಣೆಯಿರಬೇಕು, ತೀರ್ಪು ಏಕಮತದ್ದಾಗಿರಬೇಕು. ಅನಂತರ, ಹನ್ನೊಂದು ಮಂದಿಗೆ ಒಪ್ಪುವುದೂ ಜ್ಯೂರಿಯೇ ಬೇಡವೆನ್ನುವುದೂ ತತ್ತ್ವತಃ ಒಂದೇ ಎಂದರು. ಈ ಮಾತು ಗಮನಾರ್ಹ. ಹನ್ನೆರಡರಲ್ಲಿ ಒಂದು ಹೋದರೆ ಉಳಿಯುವುದು ಚಿಕ್ಕ ಜ್ಯೂರಿಯಲ್ಲ, ಬೇರೊಂದು ವಸ್ತು. ಹಕ್ಕಿನ ಒಂದು ಎಳೆಯನ್ನು ಕಿತ್ತವನು ಬಟ್ಟೆಯನ್ನೇ ಹರಿದನೆಂದು ತಿಳಿದು ಮುಂದುವರಿಯಬೇಕು.

ಹಾಗಾದರೆ ಬಿಡಬಹುದೇ? ಬಿಡಬಹುದೆಂದೇ ಉತ್ತರ. ಮೂಲ ಘಟನೆಯ ವಾಕ್ಯವು ಅಪ್ಪಣೆಯಂತೆ ಕಂಡರೂ ಅದರ ಗುರಿಯು ಆರೋಪಿಯ ರಕ್ಷಣೆಯೇ. ಆದುದರಿಂದ ಅದು ಅವನ ಹಕ್ಕು. ಹಳೆಯ ಕಾಲದ ಅಸಹಾಯತೆಯು ತೊಲಗಿರುವಾಗ ಹಳೆಯ ನಿರ್ಬಂಧಕ್ಕೆ ಕಾರಣವಿಲ್ಲ. ಆದರೆ ಈ ತ್ಯಾಗಕ್ಕೆ ತೀರ್ಪು ಮೂರು ಬೀಗಗಳನ್ನಿಟ್ಟಿತು. ಆರೋಪಿಯು ಸ್ಪಷ್ಟವಾಗಿಯೂ ತಿಳಿದೂ ಒಪ್ಪಬೇಕು, ಸರಕಾರಿ ವಕೀಲನು ಒಪ್ಪಬೇಕು, ನ್ಯಾಯಾಧೀಶನು ಅನುಮತಿಸಬೇಕು. ಅನುಮತಿಯು ಯಾಂತ್ರಿಕವಾಗಿರದೆ, ಅಪರಾಧವು ಎಷ್ಟು ಘೋರವೋ ಅಷ್ಟು ಹೆಚ್ಚಿನ ಎಚ್ಚರಿಕೆಯಿಂದ ಕೂಡಿರಬೇಕು. ೧೯೪೬ರಲ್ಲಿ ಜಾರಿಗೆ ಬಂದ ಅಲ್ಲಿಯ ಒಕ್ಕೂಟದ ಕ್ರಿಮಿನಲ್ ನಿಯಮಾವಳಿಯು ಈ ಮೂರು ಬೀಗಗಳನ್ನೂ ಸೇರಿಸಿಕೊಂಡು, ತ್ಯಾಗವು ಬರಹದಲ್ಲಿರಬೇಕೆಂಬುದನ್ನೂ ಸೇರಿಸಿತು.

ತಮ್ಮಲ್ಲಿ ಕೆಲವರು ಇಲ್ಲಿ ಕೇಳಬಹುದು: ಹಕ್ಕು ಆರೋಪಿಯದಾದರೆ ಅದನ್ನು ಬಿಡಲು ಎದುರಾಳಿಯ ಒಪ್ಪಿಗೆ ಏತಕ್ಕೆ? ಈ ಪ್ರಶ್ನೆಯು ೧೯೬೫ರಲ್ಲಿ ಸಿಂಗರ್ ಎಂಬವನ ಮೊಕದ್ದಮೆಯಲ್ಲಿ ಎದ್ದಿತು. ಹವ್ಯಾಸಕ್ಕಾಗಿ ಹಾಡು ಕಟ್ಟುವವರಿಗೆ ಆಸೆ ತೋರಿಸಿ ಟಪಾಲಿನ ಮೂಲಕ ಹಣ ಕಿತ್ತನೆಂದು ಅವನ ಮೇಲೆ ಆರೋಪ. ಜ್ಯೂರಿ ಬೇಡವೆಂದು ಅವನು ಕೇಳಿದನು, ನ್ಯಾಯಾಧೀಶನೂ ಸಿದ್ಧನಿದ್ದನು, ಸರಕಾರವು ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ವಾರೆನ್ನರು ಸರಕಾರದ ಪಕ್ಷವನ್ನು ಎತ್ತಿಹಿಡಿದರು. ಜ್ಯೂರಿಯ ಹಕ್ಕು ಇರುವುದರಿಂದಲೇ ಜ್ಯೂರಿಯಿಲ್ಲದ ವಿಚಾರಣೆಯ ಹಕ್ಕು ಹುಟ್ಟುವುದಿಲ್ಲ. ರಾಜ್ಯಘಟನೆಯು ಕೊಡಮಾಡಿದ್ದನ್ನೇ ಪಡೆದವನಿಗೆ ಅನ್ಯಾಯವಾಯಿತೆನ್ನಲಾಗದು ಎಂದರು. ಜನರ ದ್ವೇಷವು ಕೆರಳಿ ನಿಷ್ಪಕ್ಷಪಾತದ ಜ್ಯೂರಿಯೇ ಸಿಗಲಾರದಂಥ ಸಂದರ್ಭದ ಪ್ರಶ್ನೆಯನ್ನು ಮಾತ್ರ ಮುಂದಕ್ಕೆ ಬಿಟ್ಟರು.

ನನ್ನ ಬುದ್ಧಿಗೆ ತೋರುವ ಸಮಾಧಾನವಿದು. ಪಂಚರ ನ್ಯಾಯಕ್ಕೆ ಇಬ್ಬರು ಒಡೆಯರು. ಒಬ್ಬನು ಆರೋಪಿ, ಇನ್ನೊಬ್ಬರು ಜನರು. ಕಟಕಟೆಯಲ್ಲಿ ನಿಂತವನನ್ನು ಅಧಿಕಾರಿಗಳಷ್ಟೇ ಅಲ್ಲದೆ ಊರವರೂ ನೋಡಿ ತೀರ್ಮಾನಿಸುವರೆಂಬುದರಲ್ಲಿ ಜನರ ಸ್ವಾರ್ಥವೂ ಇದೆ, ಮಾನವೂ ಇದೆ. ಕೂಡು ಆಸ್ತಿಯನ್ನು ಒಬ್ಬ ಪಾಲುಗಾರನು ಉಳಿದವನನ್ನು ಕೇಳದೆ ಮಾರಲಾರನು. ಆದರೆ ಪಾಲುಗಾರನ ಹೆಸರಿನಲ್ಲಿ ಎದುರಾಳಿಯಾದ ವಕೀಲನೇ ಮಾತನಾಡುವುದು ಈ ಏರ್ಪಾಡಿನ ದೌರ್ಬಲ್ಯ. ಅದಕ್ಕಾಗಿಯೇ ನ್ಯಾಯಾಧೀಶನ ಬೀಗವು ಮೂರರಲ್ಲಿ ಶ್ರೇಷ್ಠವಾದುದು.

ಇನ್ನೊಂದು ತುದಿಯ ಮಾತನ್ನೂ ಹೇಳಬೇಕು. ೧೯೪೨ರ ಆಡಮ್ಸ್ ಮೊಕದ್ದಮೆಯಲ್ಲಿ ಆರೋಪಿಯು ವಕೀಲನನ್ನು ಇಟ್ಟುಕೊಳ್ಳದೆ ತಾನೇ ವಾದಿಸಿ, ಜ್ಯೂರಿಯೂ ಬೇಡವೆಂದನು. ಶಿಕ್ಷೆಯಾದ ಮೇಲೆ, ವಕೀಲನ ಸಲಹೆಯಿಲ್ಲದೆ ಮಾಡಿದ ತ್ಯಾಗವು ಸಲ್ಲದೆಂಬ ವಾದ ಬಂದಿತು. ನ್ಯಾಯಮೂರ್ತಿ ಫ್ರಾಂಕ್‌ಫರ್ಟರರು ಅದನ್ನೊಪ್ಪಲಿಲ್ಲ. ತಿಳಿದವನು ತಿಳಿದು ಮಾಡಿದ ಆಯ್ಕೆಯನ್ನು ತಳ್ಳಿಹಾಕಿದರೆ ಹಕ್ಕೇ ಅವನಿಗೆ ಸೆರೆಮನೆಯಾದಂತೆ ಎಂಬರ್ಥದಲ್ಲಿ ಬರೆದರು. ಬಿಡಲು ಬಾರದ ಹಕ್ಕು ಸಂಕೋಲೆ. ತಿಳಿಯದೆ ಬಿಟ್ಟ ಹಕ್ಕು ಸುಲಿಗೆ. ಇವೆರಡರ ನಡುವಣ ದಾರಿಯು ಇಕ್ಕಟ್ಟಾದುದು.

ಆ ದಾರಿಯಲ್ಲಿ ಅಮೇರಿಕೆಯು ಎಡವಿಲ್ಲವೆಂದು ನಾನು ಹೇಳಲಾರೆ. ಜ್ಯೂರಿಯನ್ನು ಮಾತ್ರವಲ್ಲದೆ ವಿಚಾರಣೆಯನ್ನೇ ಬಿಡುವ ಇನ್ನೊಂದು ಬಗೆಯುಂಟು: ಅದು ಅಪರಾಧದ ಒಪ್ಪಿಗೆ. ೨೦೧೨ರಲ್ಲಿ ಸುಪ್ರೀಮ ಕೋರ್ಟೇ ಒಂದು ತೀರ್ಪಿನಲ್ಲಿ ತಿಳಿಸಿದ ಪ್ರಕಾರ, ಒಕ್ಕೂಟದ ಕೋರ್ಟುಗಳಲ್ಲಿ ಶಿಕ್ಷೆಗೊಳಗಾದ ಮೊಕದ್ದಮೆಗಳಲ್ಲಿ ನೂರಕ್ಕೆ ೯೭ರಲ್ಲಿಯೂ ಸಂಸ್ಥಾನಗಳ ಕೋರ್ಟುಗಳಲ್ಲಿ ನೂರಕ್ಕೆ ೯೪ರಲ್ಲಿಯೂ ಆರೋಪಿಯು ಅಪರಾಧವನ್ನು ಒಪ್ಪಿಕೊಂಡಿದ್ದನು. ಕೆಂಟುಕಿ ಸಂಸ್ಥಾನದಲ್ಲಿ ೮೮ ಡಾಲರು ೩೦ ಸೆಂಟಿನ ಸುಳ್ಳು ಚೆಕ್ಕಿನ ಆರೋಪಿಯೊಬ್ಬನಿಗೆ, ಒಪ್ಪಿಕೊಂಡರೆ ಐದು ವರ್ಷದ ಶಿಕ್ಷೆ ಕೇಳುವೆವು, ಒಪ್ಪದಿದ್ದರೆ ರೂಢಿಯ ಅಪರಾಧಿಯೆಂದು ಹೊಸ ಆರೋಪ ಹೊರಿಸುವೆವೆಂದು ಸರಕಾರಿ ವಕೀಲನು ಹೇಳಿದನು. ಅವನು ಒಪ್ಪದೆ ಜ್ಯೂರಿಯನ್ನು ಕೇಳಿದನು, ಆಜನ್ಮ ಸೆರೆಯಾಯಿತು. ೧೯೭೮ರಲ್ಲಿ ಸುಪ್ರೀಮ ಕೋರ್ಟು ಐವರ ಮತಕ್ಕೆ ನಾಲ್ವರ ಭಿನ್ನಮತದೊಡನೆ ಇದನ್ನು ಎತ್ತಿಹಿಡಿಯಿತು. ಹಿಂದೆ ಆರೋಪಿಯು ಪಂಚರನ್ನು ಒಪ್ಪಲೆಂದು ಎದೆಯ ಮೇಲೆ ಕಲ್ಲು ಹೇರುತ್ತಿದ್ದರು. ಈಗ ಪಂಚರನ್ನು ಬಿಡಲೆಂದು ಆಯುಷ್ಯದ ಮೇಲೆ ವರ್ಷಗಳನ್ನು ಹೇರುತ್ತಾರೆ. ಕಲ್ಲಿನ ಹೆಸರು ಬದಲಾದ ಮಾತ್ರಕ್ಕೆ ಭಾರವು ಇಳಿಯಿತೆಂದು ತಿಳಿಯಬಾರದು.

ಮಹಾಶಯರೇ, ಈಗ ನಮ್ಮ ದೇಶದ ಕಡೆಗೆ ಕಣ್ಣು ಹೊರಳಿಸೋಣ. ಬ್ರಿಟಿಷರ ಆಳಿಕೆಯಲ್ಲಿ ಇಲ್ಲಿಯೂ ಜ್ಯೂರಿಯಿತ್ತು. ಆದರೆ ೧೮೯೮ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ ಪ್ರಕಾರ ಸೆಶನ್ಸ್ ಕೋರ್ಟುಗಳಲ್ಲಿ ಸರಕಾರವು ಪ್ರಕಟಿಸಿದ ಜಿಲ್ಲೆಗಳಲ್ಲಿ, ಪ್ರಕಟಿಸಿದ ಅಪರಾಧಗಳಿಗೆ ಮಾತ್ರ ಜ್ಯೂರಿ, ಮಿಕ್ಕೆಡೆ ಅಸೆಸರುಗಳು. ಭಾರತೀಯನು ಬೇಕೆಂದರೆ ಬರುವಂಥದೂ ಅಲ್ಲ, ಬೇಡವೆಂದರೆ ಹೋಗುವಂಥದೂ ಅಲ್ಲ. ಯುರೋಪಿಯನ್ ಬ್ರಿಟಿಷ್ ಪ್ರಜೆಗೆ ಹಾಗಲ್ಲ. ಇಲ್ಬರ್ಟ್ ಮಸೂದೆಯ ಗಲಭೆಯ ತರುವಾಯ ೧೮೮೪ರಲ್ಲಿ ಆದ ಒಪ್ಪಂದದಂತೆ, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಯುರೋಪಿಯನ್ನರು ಅಥವಾ ಅಮೇರಿಕನ್ನರು ಇರುವ ಜ್ಯೂರಿಯನ್ನು ಅವನು ಕೇಳಬಹುದಾಗಿತ್ತು. ಮ್ಯಾಜಿಸ್ಟ್ರೇಟನ ಮುಂದೆ ತನ್ನ ಜಾತಿಯ ಈ ವಿಶೇಷಾಧಿಕಾರವನ್ನು ಕೇಳದಿದ್ದರೆ ಅದನ್ನು ಬಿಟ್ಟುಕೊಟ್ಟನೆಂದು ಕಾಯಿದೆಯೇ ಎಣಿಸುತ್ತಿತ್ತು. ಹಕ್ಕನ್ನು ಬಿಡುವ ಸ್ವಾತಂತ್ರ್ಯವೂ ಒಂದು ಜನಾಂಗದ ಸೊತ್ತಾಗಿತ್ತು! ಆ ಭೇದದ ಕೊನೆಯ ಕುರುಹುಗಳನ್ನು ಅಳಿಸಿದ್ದು ಸ್ವತಂತ್ರ ಭಾರತದ ೧೯೪೯ರ ಕಾಯಿದೆ.

ನಮ್ಮವರ ಪಾಲಿಗೆ ಜ್ಯೂರಿಯು ಎಂಥದಾಗಿತ್ತೆಂಬುದಕ್ಕೆ ಲೋಕಮಾನ್ಯರ ೧೯೦೮ರ ಮೊಕದ್ದಮೆಯೇ ಸಾಕು. ಮುಂಬಯಿ ಹಾಯ್‌ಕೋರ್ಟಿನಲ್ಲಿ ವಿಶೇಷ ಜ್ಯೂರಿ ಬೇಡವೆಂದು ಅವರ ಪರವಾಗಿ ವಾದಿಸಲಾಯಿತು, ನಡೆಯಲಿಲ್ಲ. ಒಂಬತ್ತು ಪಂಚರಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರಸಿಗಳು. 'ಕೇಸರಿ'ಯ ಮರಾಠಿ ಲೇಖನಗಳನ್ನು ಇಂಗ್ಲಿಷ್ ಭಾಷಾಂತರದ ಮೂಲಕ ಅವರ ಮುಂದಿಡಲಾಯಿತು. ಆ ಭಾಷಾಂತರವು ಮೂಲದ ಅರ್ಥವನ್ನು ಕೆಡಿಸಿದೆಯೆಂದು ತಿಲಕರು ದಿನಗಟ್ಟಲೆ ವಾದಿಸಿದರು. ಜುಲೈ ೨೨ರಂದು ಏಳು ಮತ, ಎರಡು ಮತ ಎಂದು ಜ್ಯೂರಿಯು ಒಡೆಯಿತು. ಆರು ವರ್ಷದ ಗಡೀಪಾರು ಶಿಕ್ಷೆಯಾಗಿ ಅವರು ಮಂಡಾಲೆಗೆ ಹೋದರು. ಆ ಸೆರೆಯಲ್ಲಿ ಹುಟ್ಟಿದ 'ಗೀತಾರಹಸ್ಯ'ವನ್ನು ಆಲೂರ ವೆಂಕಟರಾಯರು ಕನ್ನಡಕ್ಕೆ ತಂದರು. ಪಂಚರೆಂದರೆ ನೆರೆಯವರು, ಆರೋಪಿಯ ಮಾತನ್ನು ಅವನ ಭಾಷೆಯಲ್ಲಿ ಓದಲಾರದವರು ನೆರೆಯವರು ಹೇಗಾದಾರು?

೧೯೨೨ರ ಮಾರ್ಚ್ ೧೮ರಂದು ಅಹಮದಾಬಾದಿನಲ್ಲಿ ಮಹಾತ್ಮರು ಬೇರೆ ದಾರಿಯನ್ನು ಹಿಡಿದರು. ನ್ಯಾಯಾಧೀಶ ಬ್ರೂಮ್‌ಫೀಲ್ಡರ ಮುಂದೆ ಆರೋಪವನ್ನು ತಾವಾಗಿ ಒಪ್ಪಿಕೊಂಡು ವಿಚಾರಣೆಯನ್ನೇ ಬಿಟ್ಟುಕೊಟ್ಟರು. ಪೂರ್ಣ ವಿಚಾರಣೆ ನಡೆಯಲೆಂದು ಅಡ್ವೊಕೇಟ್ ಜನರಲ್ ಸ್ಟ್ರ್ಯಾಂಗ್‌ಮನ್ನರು ಕೇಳಿದರೂ ನ್ಯಾಯಾಧೀಶರು ಒಪ್ಪಿಗೆಯನ್ನೇ ಸ್ವೀಕರಿಸಿ, ತಿಲಕರ ಶಿಕ್ಷೆಯನ್ನು ಸ್ಮರಿಸಿ ಆರು ವರ್ಷ ವಿಧಿಸಿದರು. ಸ್ಪಷ್ಟವಾಗಿಯೂ ತಿಳಿದೂ ಮಾಡಿದ ತ್ಯಾಗವೆಂದರೆ ಏನೆಂಬುದಕ್ಕೆ ಇದಕ್ಕಿಂತ ಹಿರಿದಾದ ಉದಾಹರಣೆಯುಂಟೇ? ಭಯವಿಲ್ಲ, ಆಸೆಯಿಲ್ಲ, ಚೌಕಾಶಿಯಿಲ್ಲ, ಅಜ್ಞಾನವಿಲ್ಲ. ಆದರೆ ಎಲ್ಲರೂ ಮಹಾತ್ಮರಲ್ಲ. ಕಾಯಿದೆಯು ಇರುವುದು ಸಾಮಾನ್ಯರಿಗಾಗಿ.

ಆ ಸಾಮಾನ್ಯನ ಸ್ಥಿತಿಯೇ ನನ್ನ ಕೊನೆಯ ಮಾತಿನ ವಿಷಯ. ೧೯೭೩ರ ಹೊಸ ಕೋಡಿನಲ್ಲಿ ಕ್ರಿಮಿನಲ್ ವಿಚಾರಣೆಗಳ ಜ್ಯೂರಿಗೆ ಸ್ಥಾನವಿರಲಿಲ್ಲ. ಆದುದರಿಂದ ನಮ್ಮ ಆರೋಪಿಯು ಬಿಟ್ಟುಕೊಡಲು ಜ್ಯೂರಿಯೇ ಇಲ್ಲ. ಆದರೆ ವಿಚಾರಣೆಯನ್ನು ಬಿಟ್ಟುಕೊಡುವ ಬಾಗಿಲು ತೆರೆದಿದೆ. ೨೦೦೫ರ ತಿದ್ದುಪಡಿಯಿಂದ ಅಪರಾಧದ ಒಪ್ಪಿಗೆಯ ಚೌಕಾಶಿಯು ನಮ್ಮ ಕಾಯಿದೆಯನ್ನು ಪ್ರವೇಶಿಸಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಅದು ಮುಂದುವರಿದಿದೆ. ಏಳು ವರ್ಷಕ್ಕೆ ಮೀರಿದ ಶಿಕ್ಷೆಯುಳ್ಳ ಅಪರಾಧಗಳಿಗೂ, ಸ್ತ್ರೀಯರ ಮತ್ತು ಮಕ್ಕಳ ಮೇಲಣ ಅಪರಾಧಗಳಿಗೂ ಅದು ಅನ್ವಯಿಸದು. ಶಿಕ್ಷೆಯ ಸ್ವರೂಪವನ್ನೂ ಪ್ರಮಾಣವನ್ನೂ ಅರಿತು ಸ್ವಇಚ್ಛೆಯಿಂದ ಅರ್ಜಿ ಮಾಡುತ್ತಿದ್ದೇನೆಂದು ಆರೋಪಿಯು ಪ್ರಮಾಣಪತ್ರ ಕೊಡಬೇಕು. ನ್ಯಾಯಾಧೀಶನು ಎದುರು ಪಕ್ಷದವರಿಲ್ಲದ ಏಕಾಂತದಲ್ಲಿ ಅವನನ್ನು ಕೇಳಿ ಸ್ವಇಚ್ಛೆಯನ್ನು ಖಾತ್ರಿಮಾಡಿಕೊಳ್ಳಬೇಕು. ಪ್ಯಾಟನ್ ತೀರ್ಪಿನ ಬೀಗಗಳೇ ಬೇರೆ ರೂಪದಲ್ಲಿ ಇಲ್ಲಿಗೂ ಬಂದಿವೆ.

'ಅರಿತು' ಎಂಬ ಆ ಒಂದು ಪದದ ಮೇಲೆ ಎಲ್ಲವೂ ನಿಂತಿದೆ. ಅರಿಯುವುದು ಯಾವ ಭಾಷೆಯಲ್ಲಿ? ಕನ್ನಡಿಗರು ಐದು ಆಳಿಕೆಗಳಲ್ಲಿ ಹಂಚಿಹೋಗಿದ್ದ ಕಾಲದಲ್ಲಿ ಧಾರವಾಡದವನ ಅಪೀಲು ಮುಂಬಯಿಗೆ ಹೋಗುತ್ತಿತ್ತು, ಮಂಗಳೂರವನದು ಮದರಾಸಿಗೆ. ಕಲಬುರ್ಗಿಯವನಿಗೆ ನಿಜಾಮನ ರಾಜಭಾಷೆಯಾದ ಉರ್ದುವೇ ಗತಿ. ಏಕೀಕರಣವನ್ನು ಬೇಡಿದವರು ಭೂಪಟದ ಗೆರೆಗಳ ಚೆಲುವಿಗಾಗಿ ಬೇಡಲಿಲ್ಲ. ಸರಕಾರವು ಮಾತನಾಡಿದರೆ ಪ್ರಜೆಗೆ ತಿಳಿಯಬೇಕು, ಪ್ರಜೆಯು ಮಾತನಾಡಿದರೆ ಸರಕಾರಕ್ಕೆ ತಿಳಿಯಬೇಕು ಎಂಬುದಕ್ಕಾಗಿ ಬೇಡಿದರು. ೧೯೫೬ರಲ್ಲಿ ನಾಡು ಒಂದಾಯಿತು. ೧೯೬೩ರ ಕಾಯಿದೆಯಿಂದ ಕನ್ನಡವು ಆಡಳಿತ ಭಾಷೆಯಾಯಿತು. ಕೆಳಗಿನ ಕೋರ್ಟುಗಳ ಭಾಷೆಯನ್ನು ಗೊತ್ತುಪಡಿಸುವ ಅಧಿಕಾರವು ರಾಜ್ಯ ಸರಕಾರದ ಕೈಯಲ್ಲಿಯೇ ಇದೆ. ಇಷ್ಟಾದ ಮೇಲೆಯೂ ಒಬ್ಬ ರೈತನು ತನಗೆ ಓದಲು ಬಾರದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ತನ್ನ ವಿಚಾರಣೆಯನ್ನು ಬಿಟ್ಟುಕೊಟ್ಟರೆ, ಅದು ತ್ಯಾಗವಲ್ಲ, ಕಳವು. ಕದ್ದವನು ಯಾರೆಂದು ಕೇಳಿದರೆ, ಆ ಕಾಗದವನ್ನು ಕನ್ನಡದಲ್ಲಿ ಬರೆಯಬಹುದಾಗಿದ್ದೂ ಬರೆಯದ ನಾವೆಲ್ಲರೂ ಅದರಲ್ಲಿ ಪಾಲುಗಾರರು.

ಶಿಕ್ಷಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೇ. ಸಮನ್ಸು, ಜಾಮೀನು ಮುಚ್ಚಳಿಕೆ, ಒಪ್ಪಿಗೆಯ ಅರ್ಜಿ ಇವು ನಮ್ಮ ಹುಡುಗರು ಬೆಳೆದ ಮೇಲೆ ಕಾಣುವ ಕಾಗದಗಳು. ಮೇಲ್ತರಗತಿಗಳಲ್ಲಿ ವರ್ಷಕ್ಕೊಂದು ದಿನ ಇವನ್ನು ಕನ್ನಡದಲ್ಲಿ ಓದಿಸಿ ಅರ್ಥ ಹೇಳಿರಿ. ವಕೀಲ ಬಂಧುಗಳು ತಮ್ಮ ಕಕ್ಷಿಗಾರನ ರುಜುವಿಗೆ ಮೊದಲು ಕಾಗದವನ್ನು ಕನ್ನಡದಲ್ಲಿ ಓದಿ ಹೇಳುವ ವ್ರತವನ್ನು ಕೈಕೊಳ್ಳಲಿ. ಹಕ್ಕನ್ನು ಹಿಡಿಯುವವನಿಗೂ ಬಿಡುವವನಿಗೂ ಮೊದಲು ಬೇಕಾದುದು ತಿಳಿವಳಿಕೆ. ಅದನ್ನು ಅವನ ನುಡಿಯಲ್ಲಿ ಅವನಿಗೆ ಮುಟ್ಟಿಸುವ ಹೊಣೆಯು ಓದಿಕೊಂಡ ನಮ್ಮ ಮೇಲಿದೆ.